ಯಾರ ಕರ್ಮ, ಯಾರ ಹೊಣೆ

ಅಪಘಾತವಾದ ಮನೆಯಲ್ಲಿ ಎರಡು ಪ್ರಶ್ನೆಗಳು ಒಟ್ಟಿಗೇ ಏಳುತ್ತವೆ. ನಮಗೇ ಏಕೆ ಹೀಗಾಯಿತು ಎಂಬುದು ಒಂದು. ಯಾರಿಂದ ಆಯಿತು, ಅವರು ಏನು ತುಂಬಿಕೊಡಬೇಕು ಎಂಬುದು ಇನ್ನೊಂದು. ಮೊದಲನೆಯ ಪ್ರಶ್ನೆ ಹೊತ್ತವರು ದೇವಸ್ಥಾನಕ್ಕೋ ದರ್ಗಾಕ್ಕೋ ಚರ್ಚಿಗೋ ಹೋಗುತ್ತಾರೆ. ಎರಡನೆಯದನ್ನು ಹೊತ್ತವರು ಪೊಲೀಸ್ ಠಾಣೆಗೂ ವಕೀಲರ ಬಳಿಗೂ ಹೋಗುತ್ತಾರೆ. ಎರಡೂ ಕಡೆ ಸಿಗಬೇಕಾದದ್ದಕ್ಕೆ ಕನ್ನಡದಲ್ಲಿ ಒಂದೇ ಹೆಸರು: ಪರಿಹಾರ. ಜ್ಯೋತಿಷಿ ಹೇಳುವ ದೋಷಪರಿಹಾರವೂ ಪರಿಹಾರ, ಮೋಟಾರು ಅಪಘಾತ ನ್ಯಾಯಮಂಡಳಿ ಕೊಡಿಸುವ ಹಣವೂ ಪರಿಹಾರ. ಹೆಸರು ಒಂದೇ ಆದ್ದರಿಂದ ಪ್ರಶ್ನೆಗಳೂ ಒಂದರೊಳಗೊಂದು ಕಲೆತುಹೋಗುತ್ತವೆ. ಮೊದಲ ಪ್ರಶ್ನೆಗೆ ಹೇಳಿಕೊಂಡ ‘ಹಣೆಬರಹ’ ಎಂಬ ಸಮಾಧಾನ ಎರಡನೆಯ ಪ್ರಶ್ನೆಗೂ ಉತ್ತರವಾಗಿಬಿಡುತ್ತದೆ. ನೊಂದವರು ತಮಗೆ ತಾವೇ ಹಾಗೆ ಹೇಳಿಕೊಂಡರೆ ಅದು ದುಃಖ ನುಂಗುವ ದಾರಿ. ನೋಯಿಸಿದವನು ಅದೇ ಮಾತು ಆಡಿದರೆ ಅದು ಜಾರಿಕೊಳ್ಳುವ ದಾರಿ. ಕರ್ಮಸಿದ್ಧಾಂತ ಈ ಜಾರಿಕೊಳ್ಳುವಿಕೆಗೆ ಎಡೆ ಕೊಡುತ್ತದೆಯೇ ಎಂಬುದು ಇಲ್ಲಿನ ವಿಚಾರ.

ಉತ್ತರ ಬೆಂಗಳೂರಿನ ಗಂಗಾನಗರದಲ್ಲಿ ಈ ವಿಚಾರ ಪುಸ್ತಕದ್ದಲ್ಲ, ಬೀದಿಯದು. ಆರ್.ಟಿ. ನಗರಕ್ಕೂ ಹೆಬ್ಬಾಳಕ್ಕೂ ನಡುವೆ, ಬಳ್ಳಾರಿ ರಸ್ತೆಗೆ ಮೈತಾಗಿಸಿಕೊಂಡಿರುವ ಬಡಾವಣೆ ಇದು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆ ವಿಮಾನಕ್ಕೆ ಹೊತ್ತಾಯಿತೆಂದು ಧಾವಿಸುವ ಟ್ಯಾಕ್ಸಿಗಳ ದಾರಿಯಾಯಿತು. ಈಚೆಯ ಅಡ್ಡರಸ್ತೆಗಳಲ್ಲಿ ಶಾಲೆಯ ಮಕ್ಕಳು, ತಳ್ಳುಗಾಡಿಯವರು, ಮೋರಿಯ ಮೇಲೆ ಹಾಸಿದ ಚಪ್ಪಡಿ ಕಲ್ಲುಗಳನ್ನೇ ಫುಟ್‌ಪಾತ್ ಎಂದು ನಂಬಿ ನಡೆಯುವ ವಯಸ್ಸಾದವರು. ನಗರದ ಬೇರೆಲ್ಲ ಕಡೆಗಳಂತೆ ಇಲ್ಲಿಯೂ ಆಯುಧಪೂಜೆಯ ದಿನ ಆಟೋ, ಟೆಂಪೊ, ಸ್ಕೂಟರ್‌ಗಳನ್ನು ತೊಳೆದು, ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸುತ್ತಾರೆ. ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ಇಳಿತೆಗೆದು ರಸ್ತೆಯಲ್ಲಿ ಒಡೆಯುತ್ತಾರೆ. ಕತ್ತಲಾಗುವ ಹೊತ್ತಿಗೆ ಅದರ ತಿರುಳು, ಬೀಜ, ನೀರು ಡಾಂಬರಿನ ಮೇಲೆ ಹರಡಿ ನುಣ್ಣಗಾಗಿರುತ್ತದೆ. ಆ ಕೆಂಪು ತೇವ ಕಾಣದೆ ಬ್ರೇಕು ಹಿಡಿದ ದ್ವಿಚಕ್ರದವರು ಜಾರಿ ಬೀಳುತ್ತಾರೆ. ರಸ್ತೆಯಲ್ಲಿ ಒಡೆಯಬೇಡಿ, ಒಡೆದರೆ ಬದಿಗೆ ಸರಿಸಿ ಎಂದು ಹಬ್ಬದ ಹೊತ್ತಿಗೆ ಮನವಿಗಳು ಹೊರಡುತ್ತವೆ. ಅಪಘಾತ ತಪ್ಪಲಿ ಎಂದು ಮಾಡಿದ ಶಾಂತಿಯೇ ಇನ್ನೊಬ್ಬನ ಅಪಘಾತಕ್ಕೆ ಕಾರಣವಾದಾಗ ಬಿದ್ದವನ ಗ್ರಹಚಾರ ಕೇಳುವುದಕ್ಕಿಂತ ಮೊದಲು ಕಾಯಿ ಒಡೆದವನನ್ನು ಕೇಳಬೇಕು. ಒಡೆದ ಕೈಗೆ ಗುಡಿಸುವ ಹೊಣೆಯೂ ಇತ್ತು.

ಕರ್ಮದ ವಿಚಾರವನ್ನು ಶಾಸ್ತ್ರಗಳು ಎಲ್ಲಿ, ಯಾತಕ್ಕಾಗಿ ಎತ್ತಿವೆ ಎಂದು ನೋಡಿದರೆ ಅರ್ಧ ಗೊಂದಲ ಕರಗುತ್ತದೆ. ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ ಕೊಡುವ ಈಶ್ವರ ಪಕ್ಷಪಾತಿಯೇ, ನಿರ್ದಯನೇ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರಗಳು ಎತ್ತಿಕೊಳ್ಳುತ್ತವೆ. ಜೀವಿಗಳ ಕರ್ಮವನ್ನು ಅನುಸರಿಸಿ ಫಲ ಬರುವುದರಿಂದ ಆ ದೋಷ ಈಶ್ವರನಿಗೆ ತಗಲದು ಎಂಬುದು ಅಲ್ಲಿಯ ಸಮಾಧಾನ. ಶಂಕರ, ರಾಮಾನುಜ, ಮಧ್ವ ಮೂವರೂ ತಮ್ಮ ತಮ್ಮ ಬಗೆಯಲ್ಲಿ ಇದನ್ನು ವ್ಯಾಖ್ಯಾನಿಸಿದ್ದಾರೆ. ಇದು ಈಶ್ವರನ ಪರವಾಗಿ ಹೂಡಿದ ವಾದ. ಬ್ರೇಕು ಸವೆದ ಲಾರಿಯನ್ನು ರಸ್ತೆಗೆ ಬಿಟ್ಟ ಮಾಲೀಕನ ಪರವಾಗಿ ಇದನ್ನು ಹೂಡಲು ಬರುವುದಿಲ್ಲ.

ಸಂಚಿತ, ಪ್ರಾರಬ್ಧ, ಆಗಾಮಿ ಎಂದು ವೇದಾಂತಿಗಳು ಕರ್ಮವನ್ನು ಮೂರಾಗಿ ವಿಂಗಡಿಸುತ್ತಾರೆ. ಕೂಡಿಟ್ಟದ್ದು ಸಂಚಿತ, ಈ ಜನ್ಮದಲ್ಲಿ ಫಲ ಕೊಡಲು ತೊಡಗಿದ್ದು ಪ್ರಾರಬ್ಧ, ಈಗ ಮಾಡುತ್ತಿರುವುದರಿಂದ ಮುಂದೆ ಬರುವುದು ಆಗಾಮಿ. ಕಾಲು ಮುರಿದುಕೊಂಡವನಿಗೆ ಆ ನೋವು ಪ್ರಾರಬ್ಧ ಎಂದೇ ಇಟ್ಟುಕೊಳ್ಳೋಣ. ಡಿಕ್ಕಿ ಹೊಡೆದವನ ಅಜಾಗರೂಕತೆ ಅವನ ಸ್ವಂತ ಆಗಾಮಿ. ಲೆಕ್ಕದ ಪುಸ್ತಕಗಳು ಎರಡು. ಒಂದರ ಖರ್ಚು ಇನ್ನೊಂದರ ಸಾಲವನ್ನು ಹೊಡೆದುಹಾಕುವುದಿಲ್ಲ. ಇನ್ನೊಬ್ಬನ ಪ್ರಾರಬ್ಧ ಏನೆಂದು ತಿಳಿಯುವ ಕಣ್ಣು ಯಾವ ಚಾಲಕನಿಗೂ ಇಲ್ಲ. ತಿಳಿಯದ್ದನ್ನು ಮುಂದಿಟ್ಟುಕೊಂಡು ತಿಳಿದಿದ್ದ ಕರ್ತವ್ಯವನ್ನು ಬಿಡಲು ಯಾವ ದರ್ಶನವೂ ಒಪ್ಪಿಗೆ ಕೊಟ್ಟಿಲ್ಲ.

ಯಾಜ್ಞವಲ್ಕ್ಯ ಸ್ಮೃತಿ ಈ ಮಾತನ್ನು ಗಾಡಿಯ ಉಪಮೆಯಲ್ಲೇ ಹೇಳಿದೆ. ದೈವ ಮತ್ತು ಪುರುಷಪ್ರಯತ್ನ ರಥದ ಎರಡು ಗಾಲಿಗಳಂತೆ, ಒಂದೇ ಗಾಲಿಯಿಂದ ರಥ ಸಾಗದು ಎಂಬುದು ಅದರ ಆಶಯ. ದೈವವೆಂದರೂ ಹಿಂದಿನ ದೇಹದಲ್ಲಿ ಮಾಡಿದ ಪ್ರಯತ್ನವೇ ಎಂದೂ ಅದು ಹೇಳುತ್ತದೆ. ಈ ಸ್ಮೃತಿಯ ಅತಿ ಪ್ರಸಿದ್ಧ ವ್ಯಾಖ್ಯಾನ ಹುಟ್ಟಿದ್ದು ಕನ್ನಡ ನೆಲದಲ್ಲಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದ. ಆಸ್ತಿ ಪಾಲಿನ ವಿಷಯದಲ್ಲಿ ಭಾರತದ ಬಹುಭಾಗದ ನ್ಯಾಯಾಲಯಗಳು ಇಪ್ಪತ್ತನೆಯ ಶತಮಾನದವರೆಗೂ ಅದನ್ನು ಆಧಾರವಾಗಿ ಹಿಡಿದಿದ್ದವು. ಅದೇ ಗ್ರಂಥದಲ್ಲಿ ಪೆಟ್ಟು, ಗಾಯ, ಗಾಡಿ, ದನಗಳ ಪ್ರಕರಣವೂ ಇದೆ ಎಂಬುದನ್ನು ನೆನೆಯುವವರು ಕಡಿಮೆ.

ಗಾಡಿಯ ಅಪಘಾತಗಳನ್ನು ಇನ್ನೂ ವಿವರವಾಗಿ ಎಣಿಸಿರುವುದು ಮನುಸ್ಮೃತಿಯ ಎಂಟನೆಯ ಅಧ್ಯಾಯ. ಮೂಗುದಾರ ಹರಿದಾಗ, ನೊಗ ಮುರಿದಾಗ, ಅಚ್ಚು ಅಥವಾ ಗಾಲಿ ಮುರಿದಾಗ, ಕಟ್ಟಿದ ಹಗ್ಗ ಕಿತ್ತಾಗ, ದೂರ ಸರಿಯಿರಿ ಎಂದು ಗಾಡಿಯವನು ಕೂಗಿ ಹೇಳಿದ್ದಾಗ, ಹೀಗೆ ಹತ್ತು ಸಂದರ್ಭಗಳಲ್ಲಿ ದಂಡವಿಲ್ಲ. ಉಳಿದಂತೆ ದಂಡವುಂಟು. ಮುಂದಿನ ನಿಯಮ ಇನ್ನೂ ಸೂಕ್ಷ್ಮ. ಹೊಡೆಯುವವನಿಗೆ ಕೆಲಸ ಬಾರದೆ ಗಾಡಿ ದಾರಿ ತಪ್ಪಿ ಹಾನಿಯಾದರೆ ದಂಡ ಒಡೆಯನಿಗೆ, ಇನ್ನೂರು ಪಣ. ಹೊಡೆಯುವವನು ನುರಿತವನಾಗಿದ್ದರೆ ದಂಡ ಅವನಿಗೇ. ಬಾರದವನ ಕೈಗೆ ಗಾಡಿ ಕೊಟ್ಟು ಅದರಲ್ಲಿ ಕೂತವರಿಗೂ ತಲಾ ನೂರು. ಕೆಲಸ ಬಾರದವನನ್ನು ನೇಮಿಸಿಕೊಂಡದ್ದೇ ಒಡೆಯನ ತಪ್ಪು ಎಂಬ ತಿಳಿವಳಿಕೆ ಇದರಲ್ಲಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನ ಹಿಂದೆಯೂ ಇದೇ ತಿಳಿವಳಿಕೆ ಇದೆ. ಪ್ರಾಯಕ್ಕೆ ಬಾರದ ಮಗ ಸ್ಕೂಟರ್ ಓಡಿಸಿ ಅಪರಾಧವೆಸಗಿದರೆ ಪೋಷಕ ಅಥವಾ ಮಾಲೀಕನೇ ತಪ್ಪಿತಸ್ಥ. ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ. ಮಗನ ಕೈಗೆ ಕೀಲಿ ಕೊಟ್ಟು ‘ದೇವರು ಕಾಯುತ್ತಾನೆ’ ಎನ್ನುವ ತಂದೆಯನ್ನು ಮನುವೂ ಬಿಡುತ್ತಿರಲಿಲ್ಲ.

ಯಾಜ್ಞವಲ್ಕ್ಯನ ಇನ್ನೆರಡು ನಿಯಮಗಳು ಇಲ್ಲಿಗೆ ಬೇಕು. ಕೋರೆ ಅಥವಾ ಕೊಂಬಿನ ಪ್ರಾಣಿ ಒಬ್ಬನ ಮೇಲೆ ಬಿದ್ದಾಗ, ಬಿಡಿಸಲು ಶಕ್ತನಾದ ಒಡೆಯ ಬಿಡಿಸದಿದ್ದರೆ ದಂಡ. ಸಿಕ್ಕಿಕೊಂಡವನು ಕೂಗಿಕೊಂಡ ಮೇಲೂ ಸುಮ್ಮನಿದ್ದರೆ ಎರಡು ಪಟ್ಟು. ಅಂದರೆ ಏನೂ ಮಾಡದಿರುವುದೂ ಒಂದು ಕ್ರಿಯೆ, ಅದಕ್ಕೂ ಹೊಣೆಯಿದೆ. ಎರಡನೆಯದು, ನೋವುಂಟುಮಾಡಿದವನು ರಾಜನಿಗೆ ದಂಡ ತೆರುವುದರ ಜೊತೆಗೆ ಗಾಯಗೊಂಡವನಿಗೆ ‘ಸಮುತ್ಥಾನ ವ್ಯಯ’ ಕೊಡಬೇಕು. ಸಮುತ್ಥಾನ ಎಂದರೆ ಮತ್ತೆ ಎದ್ದು ನಿಲ್ಲುವುದು. ಔಷಧಿ, ಪಥ್ಯ, ಆರೈಕೆ ಎಲ್ಲ ಸೇರಿ ಆತ ಎದ್ದು ನಿಲ್ಲುವವರೆಗಿನ ಖರ್ಚು. ಇಂದಿನ ಕಾನೂನಿನ ಭಾಷೆಯಲ್ಲಿ ಇದಕ್ಕಿಂತ ಒಳ್ಳೆಯ ಪದ ಹುಟ್ಟಿಲ್ಲ. ಬಿದ್ದವನನ್ನು ಎಬ್ಬಿಸಿ ನಿಲ್ಲಿಸುವುದು ಬೀಳಿಸಿದವನ ಸಾಲ ಎಂಬ ಭಾವ ಆ ಪದದಲ್ಲೇ ಕೂತಿದೆ.

ಧರ್ಮಶಾಸ್ತ್ರ ಹಾನಿಯಿಂದ ತೊಡಗಿ ಹೊಣೆಯ ಕಡೆಗೆ ಬಂದರೆ, ಜೈನದರ್ಶನ ಮನಸ್ಸಿನ ಎಚ್ಚರದಿಂದಲೇ ತೊಡಗುತ್ತದೆ. ಕರ್ನಾಟಕದಲ್ಲಿ ಗಂಗರ ಕಾಲದಿಂದ ಬೇರುಬಿಟ್ಟ ಈ ದರ್ಶನದಲ್ಲಿ ಹಿಂಸೆಯ ವ್ಯಾಖ್ಯೆಯೊಳಗೇ ‘ಪ್ರಮಾದ’ ಬರುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಪ್ರಕಾರ ಪ್ರಮಾದದಿಂದ ಕೂಡಿದ ಚಟುವಟಿಕೆಯಿಂದ ಪ್ರಾಣಹಾನಿ ಮಾಡುವುದೇ ಹಿಂಸೆ. ಪ್ರಮಾದವೆಂದರೆ ಎಚ್ಚರಗೇಡಿತನ, ಮೈಮರೆವು. ಕುಂದಕುಂದಾಚಾರ್ಯರ ಪ್ರವಚನಸಾರ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಎಚ್ಚರವಿಲ್ಲದೆ ನಡೆದವನಿಗೆ ಎದುರಿನ ಜೀವ ಸಾಯಲಿ ಬದುಕಲಿ ಹಿಂಸೆಯ ದೋಷ ತಪ್ಪದು. ಎಚ್ಚರದಿಂದ ನಡೆದವನಿಗೆ ಬರಿಯ ಪ್ರಾಣಹಾನಿಯಿಂದ ಬಂಧವಿಲ್ಲ. ಮುನಿಗಳಿಗೆ ವಿಧಿಸಿದ ಈರ್ಯಾಸಮಿತಿ ಇದರ ಆಚರಣೆ: ಮುಂದೆ ಒಂದು ನೊಗದಷ್ಟು ದೂರ, ಅಂದರೆ ನಾಲ್ಕು ಮೊಳ ನೆಲವನ್ನು ನೋಡುತ್ತಾ ಹೆಜ್ಜೆ ಇಡಬೇಕು. ಬರಿಗಾಲಿನ ನಡಿಗೆಗೆ ನಾಲ್ಕು ಮೊಳ ಸಾಕು. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಹೋಗುವವನ ನೊಗ ಎಷ್ಟು ಉದ್ದವಿರಬೇಕು ಎಂಬುದನ್ನು ಲೆಕ್ಕ ಹಾಕಬೇಕಾದವನು ಅವನೇ.

ಇಂದಿನ ಕಾನೂನು ಈ ವಿಷಯದಲ್ಲಿ ಇಬ್ಭಾಗವಾಗಿದೆ. ಹಾನಿಯಾಗದೆ ಪರಿಹಾರದ ಮೊಕದ್ದಮೆ ಹೂಡಲು ಬರುವುದಿಲ್ಲ. ದಂಡಕಾನೂನು ಮಾತ್ರ ಕುಂದಕುಂದರ ದಾರಿಗೆ ಹತ್ತಿರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮು, ಯಾರಿಗೂ ಪೆಟ್ಟಾಗದಿದ್ದರೂ, ಜೀವಕ್ಕೆ ಅಪಾಯವಾಗುವಂತೆ ಓಡಿಸಿದ್ದಕ್ಕೇ ಶಿಕ್ಷೆ ಹೇಳುತ್ತದೆ. ಸಾವು ಸಂಭವಿಸಿದರೆ 106ನೆಯ ಕಲಮು, ಐದು ವರ್ಷದವರೆಗೆ ಸಜೆ. ಒಂದೇ ಎಚ್ಚರಗೇಡಿತನಕ್ಕೆ, ಎದುರಿಗೆ ಯಾರಾದರೂ ಬಂದರೋ ಇಲ್ಲವೋ ಎಂಬ ಆಕಸ್ಮಿಕದ ಮೇಲೆ, ಶಿಕ್ಷೆ ಹೀಗೆ ಏರಿಳಿಯುವುದು ನ್ಯಾಯವೇ ಎಂಬುದು ತತ್ತ್ವಜ್ಞಾನಿಗಳ ಇಂದಿಗೂ ಮುಗಿಯದ ಚರ್ಚೆ.

ತಪ್ಪಿಗೆ ತೆರುವುದು ಯಾರಿಗೆ? ಚೋಳರ ಕಾಲದ ತಮಿಳು ಶಾಸನಗಳಲ್ಲಿ ಬೇಟೆಯಲ್ಲೋ ಜಗಳದಲ್ಲೋ ಉದ್ದೇಶವಿಲ್ಲದೆ ಒಬ್ಬನನ್ನು ಕೊಂದವನಿಗೆ ಮರಣದಂಡನೆಯ ಬದಲು ದೇವಸ್ಥಾನಕ್ಕೆ ನಂದಾದೀಪ ಹಾಕಿಸುವ ತೀರ್ಪು ಕಾಣುತ್ತದೆ. ದೀಪದ ತುಪ್ಪಕ್ಕಾಗಿ ಕುರಿಗಳನ್ನೋ ಹಸುಗಳನ್ನೋ ಕೊಡಬೇಕು. ಕೊಲ್ಲುವ ಮನಸ್ಸಿರಲಿಲ್ಲ ಎಂದು ಗುರುತಿಸಿದ್ದು ದೊಡ್ಡ ವಿವೇಕ. ಆದರೆ ತುಪ್ಪ ಉರಿದದ್ದು ಗುಡಿಯಲ್ಲಿ. ಸತ್ತವನ ಮನೆಯ ಒಲೆಯ ಕಥೆ ಆ ದಾನದ ಮಾತಿನಲ್ಲಿ ಬರುವುದಿಲ್ಲ. ಕರ್ನಾಟಕದ ಮನೆಗಳಲ್ಲಿ ಇಂದಿಗೂ ಇರುವ ತಪ್ಪುಕಾಣಿಕೆ ಇದರ ಬಂಧುವೇ. ಗಾಡಿ ಯಾರಿಗೋ ತಗುಲಿದರೆ ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಮುಂದಿಡುತ್ತಾರೆ, ಮುಂದೊಂದು ದಿನ ಧರ್ಮಸ್ಥಳದ ಹುಂಡಿಗೋ ಮನೆದೇವರ ಗುಡಿಗೋ ಮುಟ್ಟಿಸುತ್ತಾರೆ. ಆ ಗಂಟಿನಲ್ಲಿ ನಿಜವಾದ ಪಶ್ಚಾತ್ತಾಪವಿದೆ, ಅದನ್ನು ಹಗುರವಾಗಿ ಕಾಣುವುದು ಸಲ್ಲದು. ದೇವರಿಗೆ ಮುಟ್ಟಿದ್ದರಿಂದ ಗಾಯಾಳುವಿನ ಸಾಲವೂ ತೀರಿತು ಎಂದುಕೊಂಡಲ್ಲಿ ಮಾತ್ರ ಅದು ಹಾದಿ ತಪ್ಪುತ್ತದೆ.

ಈ ಎರಡು ಸಾಲಗಳನ್ನು ಸ್ಪಷ್ಟವಾಗಿ ಬಿಡಿಸಿಟ್ಟಿರುವುದು ಇಸ್ಲಾಂ. ಕುರಾನಿನ ನಿಸಾ ಅಧ್ಯಾಯದ ಪ್ರಕಾರ ಅಚಾತುರ್ಯದಿಂದ ಒಬ್ಬನನ್ನು ಕೊಂದವನು ದೇವರಿಗೆ ಪ್ರಾಯಶ್ಚಿತ್ತ ಸಲ್ಲಿಸಬೇಕು, ಒಬ್ಬ ಗುಲಾಮನ ಬಿಡುಗಡೆ ಮಾಡಿ ಅಥವಾ ಅದು ಆಗದಿದ್ದರೆ ಎಡೆಬಿಡದೆ ಎರಡು ತಿಂಗಳು ಉಪವಾಸವಿದ್ದು. ಅದರ ಜೊತೆಗೆ ಸತ್ತವನ ಮನೆಯವರಿಗೆ ‘ದಿಯತ್’ ಎಂಬ ಪರಿಹಾರಧನ ಕೊಡಬೇಕು. ಅದನ್ನು ಮನ್ನಾ ಮಾಡುವ ಹಕ್ಕು ಮನೆಯವರದು ಮಾತ್ರ. ಕೊಲ್ಲುವ ಉದ್ದೇಶವಿರದಿದ್ದಾಗ ಈ ದಿಯತ್ತನ್ನು ಕೊಂದವನೊಬ್ಬನೇ ತೆರದೆ ಅವನ ಕುಲದವರು ಹಂಚಿಕೊಂಡು ತೆರುವ ಪದ್ಧತಿ ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಬೆಳೆಯಿತು. ಇಂದಿನ ವಿಮೆಯ ತಿರುಳೂ ಹೀಗೆ ಹಂಚಿಕೊಳ್ಳುವುದೇ. ಯೆಹೂದ್ಯರ ಧರ್ಮಗ್ರಂಥ ಇನ್ನೂ ಮುಂಚಿತವಾಗಿ ಯೋಚಿಸುತ್ತದೆ: ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತುಗೋಡೆ ಕಟ್ಟಲೇಬೇಕು, ಯಾರಾದರೂ ಬಿದ್ದರೆ ಆ ರಕ್ತದ ಹೊಣೆ ಮನೆಯ ಮೇಲೆ ಬರುತ್ತದೆ. ಬಿದ್ದ ಮೇಲಿನ ಮಾತಿಗಿಂತ ಬೀಳದಂತೆ ಮಾಡುವುದು ಮೊದಲ ಧರ್ಮ.

ಇಂಗ್ಲಿಷ್ ಕಾನೂನಿನಿಂದ ಬಂದ ಇಂದಿನ ನಿರ್ಲಕ್ಷ್ಯದ ಸಿದ್ಧಾಂತಕ್ಕೂ ಧಾರ್ಮಿಕ ಬೇರಿದೆ. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಎಂಬಲ್ಲಿ ಮಹಿಳೆಯೊಬ್ಬಳು ಕುಡಿದ ಶುಂಠಿ ಪಾನೀಯದ ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂಬ ದೂರಿನಿಂದ ಮೊಕದ್ದಮೆ ಹುಟ್ಟಿತು. ಬಾಟಲಿ ಕೊಂಡವಳು ಅವಳ ಸ್ನೇಹಿತೆಯಾದ್ದರಿಂದ ಕುಡಿದವಳಿಗೂ ತಯಾರಕನಿಗೂ ಯಾವ ಕರಾರೂ ಇರಲಿಲ್ಲ. 1932ರ ತೀರ್ಪಿನಲ್ಲಿ ಲಾರ್ಡ್ ಆಟ್ಕಿನ್, ನೆರೆಯವನನ್ನು ಪ್ರೀತಿಸು ಎಂಬ ಬೈಬಲ್ಲಿನ ಆಜ್ಞೆ ಕಾನೂನಿನಲ್ಲಿ ನೆರೆಯವನಿಗೆ ಹಾನಿ ಮಾಡಬೇಡ ಎಂದಾಗುತ್ತದೆ ಎಂದು ವಿವರಿಸಿದರು. ತನ್ನ ಕೆಲಸದಿಂದ ಯಾರಿಗೆ ನೇರವಾಗಿ ತಟ್ಟೀತು ಎಂದು ಮೊದಲೇ ಯೋಚಿಸಬೇಕಿತ್ತೋ ಅವರೆಲ್ಲ ನೆರೆಯವರು. ಗೋಡೆಗೆ ಗೋಡೆ ಕೂಡಿಕೊಂಡ ಮನೆಯವನಷ್ಟೇ ನೆರೆಯವನಲ್ಲ. ಚಪ್ಪಡಿ ಕಲ್ಲನ್ನು ಸಡಿಲ ಬಿಟ್ಟು ಹೋದ ಕೆಲಸಗಾರನಿಗೆ ಸಂಜೆ ಅದರ ಮೇಲೆ ಕಾಲಿಡುವ ಅಪರಿಚಿತ ಅಜ್ಜಿ ನೆರೆಯವಳು.

ಕರ್ಮದ ವಾದಕ್ಕೆ ಈ ಕಾನೂನಿನಲ್ಲಿ ನೇರ ಉತ್ತರವೂ ಸಿಗುತ್ತದೆ. ಗಾಯಗೊಂಡವನು ಹೇಗಿದ್ದನೋ ಹಾಗೆಯೇ ಅವನನ್ನು ಒಪ್ಪಿಕೊಳ್ಳಬೇಕು ಎಂಬ ನಿಯಮ ಅದು. ಅಜ್ಜಿಯ ಮೂಳೆ ಮೊದಲೇ ಸವೆದಿತ್ತು, ಬೇರೆಯವರಾಗಿದ್ದರೆ ಬರಿಯ ತರಚುಗಾಯ ಆಗುತ್ತಿತ್ತು ಎಂಬ ವಾದ ನಡೆಯದು. ಮೂಳೆ ಮೆತ್ತಗಾದದ್ದು ಅವಳ ಪ್ರಾರಬ್ಧವೇ ಇರಲಿ, ಬೀಳಿಸಿದ್ದರ ಪೂರ್ತಿ ಫಲ ಬೀಳಿಸಿದವನ ಲೆಕ್ಕಕ್ಕೆ. ನೊಂದವನ ಸ್ವಂತ ತಪ್ಪನ್ನು ಕಾನೂನು ಕಡೆಗಣಿಸುವುದಿಲ್ಲ. ಅವನ ಪಾಲಿನಷ್ಟು ಪರಿಹಾರ ಕಡಿಮೆಯಾಗುತ್ತದೆ. ಆದರೆ ಆ ತಪ್ಪಿಗೂ ಗಾಯಕ್ಕೂ ಸಂಬಂಧವಿರಬೇಕು. ಬೈಕಿನಲ್ಲಿ ಮೂವರು ಕೂತಿದ್ದರು ಎಂಬ ಒಂದೇ ಕಾರಣಕ್ಕೆ, ಅದರಿಂದ ಅಪಘಾತವಾಯಿತೆಂದು ತೋರಿಸದೆ, ಪರಿಹಾರ ಕಡಿತ ಮಾಡಬಾರದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ದೈವದ ಹೆಸರು ಕಾನೂನಿನೊಳಗೆ ನೇರವಾಗಿ ಬರುವುದು ಒಂದೇ ಕಡೆ. ಮನುಷ್ಯನ ಕೈವಾಡವಿಲ್ಲದ, ಮುಂಗಾಣಲಾಗದ ಪ್ರಕೃತಿ ವಿಕೋಪವನ್ನು ‘ದೈವಕೃತ್ಯ’ ಎಂದು ಕರೆದು ಹೊಣೆಯಿಂದ ಬಿಡುಗಡೆ ಕೊಡುತ್ತಾರೆ. ಈ ಬಾಗಿಲನ್ನು ನ್ಯಾಯಾಲಯಗಳು ಕಿರಿದಾಗಿಯೇ ಇಟ್ಟಿವೆ. ಮಳೆಗಾಲದ ಮಳೆ ದೈವಕೃತ್ಯವಾಗಲಾರದು, ಅದು ಬರುವುದು ಎಲ್ಲರಿಗೂ ಗೊತ್ತು. ದೆಹಲಿಯಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದವನ ತಲೆಯ ಮೇಲೆ ಮರದ ಕೊಂಬೆ ಬಿದ್ದು ಅವನು ಸತ್ತಾಗ, ಮರವನ್ನು ನೋಡಿಕೊಳ್ಳಬೇಕಿದ್ದ ನಗರಪಾಲಿಕೆಯೇ ಹೊಣೆ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ತೀರ್ಪಿತ್ತಿತು. ಪ್ರತಿ ಮೇ ತಿಂಗಳ ಬಿರುಮಳೆಗೆ ಮರಗಳು ಉರುಳುವ ಬೆಂಗಳೂರಿನಲ್ಲಿ ಈ ತೀರ್ಪನ್ನು ಪಾಲಿಕೆಯ ಗೋಡೆಯ ಮೇಲೆ ಬರೆಸಿಡಬೇಕು. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆನೀರು ತುಂಬಿ ಕಾರಿನೊಳಗೆ ಸಿಕ್ಕಿಕೊಂಡ ಯುವತಿಯೊಬ್ಬಳು ಸತ್ತಳು. ನೀರು ಮೇಲಿಂದ ಬಂತು, ನಿಜ. ನಿಲ್ಲುವ ಜಾಗವನ್ನು ಕಟ್ಟಿದ್ದು ಮನುಷ್ಯರು.

ಅದೇ ವರ್ಷದ ಜನವರಿ 10ರಂದು ಗಂಗಾನಗರಕ್ಕೆ ಕೆಲವೇ ಕಿಲೋಮೀಟರ್ ದೂರದ ನಾಗವಾರದ ಬಳಿ, ವಿಮಾನ ನಿಲ್ದಾಣದ ಮೆಟ್ರೊ ಮಾರ್ಗಕ್ಕಾಗಿ ನಿಲ್ಲಿಸಿದ್ದ ಕಂಬದ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿತು. ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ಕುಟುಂಬದ ತಾಯಿ ಮತ್ತು ಪುಟ್ಟ ಮಗ ಸತ್ತರು. ಮೆಟ್ರೊ ನಿಗಮ 20 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು, ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಒಂದು ಕ್ಷಣ ಹಿಂದೆ ಅಥವಾ ಮುಂದೆ ಇದ್ದಿದ್ದರೆ ಆ ವಾಹನ ದಾಟಿಹೋಗುತ್ತಿತ್ತು. ಆ ಒಂದು ಕ್ಷಣಕ್ಕೆ ವಿಧಿ ಎನ್ನದೆ ಬೇರೆ ಹೆಸರು ಮನುಷ್ಯರಿಗೆ ಸಿಕ್ಕಿಲ್ಲ. ಆದರೆ ಚೌಕಟ್ಟನ್ನು ಬಿಗಿಯಾಗಿ ಕಟ್ಟಿದ್ದರೋ ಇಲ್ಲವೋ, ಕೆಳಗೆ ವಾಹನ ಓಡಾಡಲು ಬಿಡಬೇಕಿತ್ತೋ ಇಲ್ಲವೋ ಎಂಬುದರಲ್ಲಿ ವಿಧಿಗೆ ಕೆಲಸವಿಲ್ಲ. ನಿತ್ಯ ಸಾವಿರಾರು ಜನ ಓಡಾಡುವ ರಸ್ತೆಯ ಮೇಲೆ ಇಂಥ ಭಾರವನ್ನು ಎತ್ತಿನಿಲ್ಲಿಸುವವನಿಗೆ, ಗುತ್ತಿಗೆದಾರನಿಗೆ ವಹಿಸಿದ್ದೆ ಎಂಬ ಮಾತು ರಕ್ಷೆಯಾಗಲಾರದು.

ರಸ್ತೆಗುಂಡಿಯ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ 2019ರಲ್ಲಿ ಇನ್ನೊಂದು ದೊಡ್ಡ ಹೆಜ್ಜೆ ಇಟ್ಟಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕ ಅವರ ಪೀಠ, ಸರಿಯಾದ ರಸ್ತೆ ಮತ್ತು ಫುಟ್‌ಪಾತ್ ಸಂವಿಧಾನದ 21ನೆಯ ವಿಧಿ ಕೊಡುವ ಬದುಕುವ ಹಕ್ಕಿನ ಭಾಗ, ಗುಂಡಿಯಿಂದ ಸಾವುನೋವಾದರೆ ನಾಗರಿಕರು ಆಗಿನ ನಗರಪಾಲಿಕೆಯಾದ ಬಿಬಿಎಂಪಿಯಿಂದ ಪರಿಹಾರ ಕೇಳಬಹುದು ಎಂದಿತು. ‘ವಿಧಿ’ ಎಂಬ ಪದಕ್ಕೆ ಕನ್ನಡದಲ್ಲಿ ಸಂವಿಧಾನದ ಕಲಮು ಎಂಬರ್ಥವೂ ಇರುವುದು ಇಲ್ಲಿ ಸಲ್ಲುತ್ತದೆ. ಗುಂಡಿಗೆ ಬಿದ್ದವನ ಮನೆಯವರು ಯಾವ ವಿಧಿಯನ್ನು ನೆನೆಯಬೇಕು ಎಂಬುದನ್ನು ಆ ಪೀಠ ತೋರಿಸಿಕೊಟ್ಟಿತು.

ತಪ್ಪು ಯಾರದೂ ಇಲ್ಲದಿದ್ದರೆ? ಮನುವಿನ ಹತ್ತು ವಿನಾಯಿತಿಗಳಲ್ಲಿ ಗಾಲಿ ಮುರಿದದ್ದೂ ಒಂದು. 2001ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣದಲ್ಲಿ ಜೀಪೊಂದರ ಮುಂದಿನ ಟೈರು ಸಿಡಿದು, ಅದು ಮಗುಚಿ ಪಾದಚಾರಿಗೆ ಬಡಿದಿತ್ತು. ಚಾಲಕನ ತಪ್ಪಿಲ್ಲದಿದ್ದರೂ ಅಪಾಯಕಾರಿ ವಸ್ತುವನ್ನು ರಸ್ತೆಗೆ ತಂದವನು ಅದರ ಹಾನಿಯನ್ನು ಹೊರಬೇಕು ಎಂದು ನ್ಯಾಯಾಲಯ ಹೇಳಿತು. ಅದಕ್ಕೆ ಮೊದಲೇ, 1987ರಲ್ಲಿ, ಮಂಡ್ಯ ಜಿಲ್ಲೆಯ ಎಂಗಲಗುಪ್ಪೆಯವರಾದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ ಗುಜರಾತಿನ ಸಾರಿಗೆ ಸಂಸ್ಥೆಯ ಪ್ರಕರಣವೊಂದರಲ್ಲಿ, ಚಾಲಕ ಅಜಾಗರೂಕನಾಗಿದ್ದನೋ ಇಲ್ಲವೋ, ತನ್ನ ತಪ್ಪಿಲ್ಲದೆ ಸತ್ತ ಪಾದಚಾರಿಯ ಮನೆಯವರಿಗೆ ಪರಿಹಾರ ಸಲ್ಲುವುದೇ ಸಾಮಾಜಿಕ ನ್ಯಾಯ ಎಂಬ ನಿಲುವು ತಳೆದಿದ್ದರು. ಇಂದು ಮೋಟಾರು ವಾಹನ ಕಾಯ್ದೆಯ 164ನೆಯ ಕಲಮಿನಡಿ ತಪ್ಪು ಸಾಬೀತುಪಡಿಸದೆಯೇ ಸಾವಿಗೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೇಳಬಹುದು. ಡಿಕ್ಕಿ ಹೊಡೆದು ಪರಾರಿಯಾದ ವಾಹನ ಸಿಗದೇ ಹೋದರೆ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ. ಇಲ್ಲಿ ಕಾನೂನು ತಪ್ಪು ಹುಡುಕುವುದನ್ನು ಬಿಟ್ಟು, ರಸ್ತೆಯ ಲಾಭ ಉಣ್ಣುವವರೆಲ್ಲ ಅದರ ನಷ್ಟವನ್ನೂ ಹಂಚಿಕೊಳ್ಳಲಿ ಎನ್ನುತ್ತದೆ. ಕುಲದವರೆಲ್ಲ ಸೇರಿ ತೆರುತ್ತಿದ್ದ ದಿಯತ್ ವಿಮೆಯ ಕಂತಾಗಿ ಹಿಂದಿರುಗಿದೆ.

ತಪ್ಪು ಸಾಬೀತಾದಾಗ ಲೆಕ್ಕ ಬೇರೆ. ಮೂವತ್ತೆರಡು ವರ್ಷದ, ತಿಂಗಳಿಗೆ 15,000 ರೂಪಾಯಿ ದುಡಿಯುವ, ಹೆಂಡತಿ, ಇಬ್ಬರು ಮಕ್ಕಳು, ತಾಯಿ ಇರುವ ತರಕಾರಿ ಗಾಡಿಯವನೊಬ್ಬನನ್ನು ಊಹಿಸಿಕೊಳ್ಳಬಹುದು. ಬದುಕಿದ್ದರೆ ದುಡಿಮೆ ಏರುತ್ತಿತ್ತೆಂದು ಶೇಕಡಾ 40 ಸೇರಿಸುತ್ತಾರೆ: 21,000. ನಾಲ್ವರು ಅವಲಂಬಿತರಿರುವುದರಿಂದ ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯುತ್ತಾರೆ: 15,750. ವರ್ಷಕ್ಕೆ 1,89,000. ಇದನ್ನು ಗುಣಿಸಲು ಆ ವಯಸ್ಸಿಗೆ ನಿಗದಿಯಾದ ಗುಣಕ 16. ಒಟ್ಟು 30,24,000 ರೂಪಾಯಿ, ಅದರ ಮೇಲೆ ಅಂತ್ಯಕ್ರಿಯೆ ಮತ್ತು ಸಾಂಗತ್ಯನಷ್ಟದ ನಿಗದಿತ ಮೊತ್ತಗಳು. ಗುಣಕದ ಪಟ್ಟಿ 2009ರ ಸರಳಾ ವರ್ಮ ಪ್ರಕರಣದ್ದು, ಭವಿಷ್ಯದ ಏರಿಕೆಯ ದರ 2017ರ ಪ್ರಣಯ್ ಸೇಠಿ ಪ್ರಕರಣದ್ದು. ಅದೇ ಚಕ್ರದಡಿ ಹತ್ತು ಪಟ್ಟು ಸಂಬಳದವನು ಸತ್ತಿದ್ದರೆ ಮೊತ್ತವೂ ಸುಮಾರು ಹತ್ತು ಪಟ್ಟು. ಆತ್ಮಗಳೆಲ್ಲ ಸಮ ಎನ್ನುವ ಧರ್ಮಕ್ಕೆ ಇದು ಚುಚ್ಚುತ್ತದೆ, ಚುಚ್ಚಬೇಕು ಕೂಡ. ಕಾನೂನಿನ ಸಮರ್ಥನೆ ಏನೆಂದರೆ ಅದು ಜೀವಕ್ಕೆ ಬೆಲೆ ಕಟ್ಟುತ್ತಿಲ್ಲ, ಉಳಿದವರ ಅನ್ನದ ನಷ್ಟವನ್ನು ಮಾತ್ರ ಎಣಿಸುತ್ತಿದೆ. ಈ ಸಮರ್ಥನೆ ಬಹುಕಾಲ ಸೋತದ್ದು ಸಂಬಳವಿಲ್ಲದೆ ಇಡೀ ಮನೆ ನಡೆಸುವ ಗೃಹಿಣಿಯ ವಿಷಯದಲ್ಲಿ. ಅವಳ ಕೆಲಸಕ್ಕೂ ಆದಾಯದ ಲೆಕ್ಕ ಕಟ್ಟುವುದು ಆ ದುಡಿಮೆಯ ಘನತೆಯನ್ನು ಒಪ್ಪಿಕೊಳ್ಳುವುದೇ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಬಲವಾಗಿ ಹೇಳಬೇಕಾಯಿತು.

ದಾರಿಹೋಕನ ಹೊಣೆ ಏನು? ಕೂಗು ಕೇಳಿಯೂ ಸುಮ್ಮನಿದ್ದ ಒಡೆಯನಿಗೆ ಯಾಜ್ಞವಲ್ಕ್ಯ ದಂಡ ಹೇಳಿದರೂ, ಸಂಬಂಧವಿಲ್ಲದ ದಾರಿಹೋಕನನ್ನು ಇಂದಿನ ಕಾನೂನು ಒತ್ತಾಯಿಸುವುದಿಲ್ಲ. ಡಿಕ್ಕಿ ಹೊಡೆದ ಚಾಲಕ ಮಾತ್ರ ಗಾಯಾಳುವಿಗೆ ಚಿಕಿತ್ಸೆ ಕೊಡಿಸಲೇಬೇಕು. ಕಾನೂನು ಒತ್ತಾಯಿಸದ ದಾರಿಹೋಕನ ಹೊಣೆಯನ್ನು ನೆನಪಿಸಿದ್ದು ಒಂದು ಸಾವು. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಯಡಿ ಸಿಕ್ಕಿ ದೇಹ ಎರಡಾದ ಹರೀಶ್ ಎಂಬ ಯುವಕ, ಪ್ರಾಣ ಹೋಗುವ ಮೊದಲು ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡ. ಅವನ ಕಣ್ಣುಗಳು ದಾನವಾದವು. ಮರುತಿಂಗಳೇ ರಾಜ್ಯ ಸರ್ಕಾರ ಅವನ ಹೆಸರಿನಲ್ಲಿ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ ಆರಂಭಿಸಿತು: ಅಪಘಾತದ ನಂತರದ 48 ಗಂಟೆ, 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ, ಗಾಯಾಳು ಯಾವ ಊರಿನವನಾದರೂ ಸರಿ. ಅದೇ ವರ್ಷ ನೆರವಿಗೆ ಬಂದವರನ್ನು ಪೊಲೀಸ್ ಮತ್ತು ಕೋರ್ಟಿನ ಅಲೆದಾಟದಿಂದ ಕಾಪಾಡುವ ಮಸೂದೆಯನ್ನು ಕರ್ನಾಟಕ ಅಂಗೀಕರಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. ಸಾಯುತ್ತಿದ್ದವನು ದಾರಿಹೋಕರಿಗೆ ಕರ್ತವ್ಯ ಕಲಿಸಿದ ಪ್ರಸಂಗ ಇದು.

ಕೊನೆಗೆ ಉಳಿಯುವವನು, ಎಲ್ಲ ಎಚ್ಚರ ವಹಿಸಿಯೂ ಒಂದು ಜೀವ ತನ್ನ ಚಕ್ರದಡಿ ಹೋದುದನ್ನು ಕಂಡ ಚಾಲಕ. ಇಂಗ್ಲಿಷ್ ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1976ರ ಪ್ರಬಂಧವೊಂದರಲ್ಲಿ ಇಂಥ ಲಾರಿ ಚಾಲಕನನ್ನೇ ಉದಾಹರಣೆಯಾಗಿ ತೆಗೆದುಕೊಂಡರು. ಅವನ ತಪ್ಪಿಲ್ಲ, ಆದರೂ ಅವನ ಸಂಕಟ ನೋಡುತ್ತ ನಿಂತವರ ಸಂಕಟದಂತಲ್ಲ, ಹಾಗಾಗುವುದೇ ಸರಿ ಎಂಬುದು ಅವರ ವಿಚಾರ. ‘ನನ್ನ ಕೈಯಲ್ಲೇ ಆಗಿಹೋಯಿತಲ್ಲ’ ಎಂಬ ಕನ್ನಡದ ಮಾತು ಇದನ್ನೇ ಹೇಳುತ್ತದೆ. ಕೋರ್ಟಿನಲ್ಲಿ ಈ ಮಾತಿಗೆ ಜಾಗವಿಲ್ಲ. ವಿಮಾ ಕಂಪನಿ ಹಣ ಕಟ್ಟಿದರೂ ಇದು ತೀರುವುದಿಲ್ಲ. ಧರ್ಮಶಾಸ್ತ್ರ ಉದ್ದೇಶವಿಲ್ಲದೆ ಆದ ಪಾಪವನ್ನು ಬೇರೆಯಾಗಿ ಗುರುತಿಸಿ ಅದಕ್ಕೂ ಪ್ರಾಯಶ್ಚಿತ್ತ ಹೇಳಿರುವುದು ಇಂಥವನಿಗಾಗಿ. ಹಳದಿ ಬಟ್ಟೆಯ ತಪ್ಪುಕಾಣಿಕೆಗೆ ನಿಜವಾದ ನೆಲೆಯೂ ಇಲ್ಲಿಯೇ.

ಸತ್ತವನ ಮನೆಯವರಿಗೂ ಎರಡು ಕೆಲಸಗಳಿವೆ. ಅಕಾಲಮರಣವೆಂದು ಶ್ರೀರಂಗಪಟ್ಟಣದಲ್ಲೋ ಗೋಕರ್ಣದಲ್ಲೋ ನಾರಾಯಣಬಲಿ ಮಾಡಿಸಿ ಬರುತ್ತಾರೆ; ಅದು ಹೋದ ಜೀವಕ್ಕೆ. ಇರುವವರಿಗಾಗಿ ಎಫ್‌ಐಆರ್ ಪ್ರತಿ, ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಸಂಬಳದ ಚೀಟಿ, ಆಸ್ಪತ್ರೆಯ ಬಿಲ್ಲುಗಳನ್ನು ಒಟ್ಟುಮಾಡಬೇಕು. ಅಪಘಾತ ಚಿತ್ರದುರ್ಗದ ಹೆದ್ದಾರಿಯಲ್ಲಿ ಆಗಿದ್ದರೂ ಗಂಗಾನಗರದಲ್ಲಿ ವಾಸವಿರುವವರು ಬೆಂಗಳೂರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಇದಕ್ಕೆ ಕೊಟ್ಟಿರುವ ಅವಧಿ ಅಪಘಾತದ ದಿನದಿಂದ ಆರು ತಿಂಗಳು.